ಸಂರಕ್ಷಿತ ಸ್ಮಾರಕಗಳ ನೆರೆಯಲ್ಲಿ ಸುತ್ತುಬೇಲಿ ಹಾಗೂ ಸೆನ್ಸರ್ ಕೇಬಲ್ ಅಳವಡಿಕೆ: ಬಂದಳಿಕೆ ಪರಿಸರದ ಅರ್ಜಿದಾರರಿಗೆ ಮಾಹಿತಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಪುರಾತನ ದೇವಾಲಯಗಳು, ಬಸದಿಗಳು, ಶಾಸನಗಳು ಹಾಗೂ ವೀರಗಲ್ಲುಗಳು ಗದ್ದೆ, ತೋಟ ಮತ್ತು ಊರಮನೆಗಳ ನಡುವೆಯೇ ಇವೆ. ಇಂತಹ ಸ್ಥಳಗಳ ನೆರೆಯಲ್ಲಿ ಜಮೀನು ಹೊಂದಿರುವವರು ಬೆಳೆ, ಪಂಪ್‌ಸೆಟ್, ಅಡಿಕೆ ದಾಸ್ತಾನು ಮುಂತಾದವುಗಳ ರಕ್ಷಣೆಗಾಗಿ ಬೇಲಿ ಹಾಕಿಸುವುದು ಸಹಜ. ಯಾರಾದರೂ ಬೇಲಿಯನ್ನು ಹತ್ತಿದರೆ, ಕತ್ತರಿಸಿದರೆ ಅಥವಾ ಎತ್ತಿದರೆ ಕೂಡಲೇ ಸೂಚನೆ ನೀಡುವ ಸೆನ್ಸರ್ ಕೇಬಲ್ ವ್ಯವಸ್ಥೆಯನ್ನು ಬೇಲಿಗೆ ಜೋಡಿಸುವುದೂ ಈಗ ಸಾಧ್ಯವಿದೆ. ಆದರೆ ಸ್ಮಾರಕದ ನೆರೆಯಲ್ಲಿ ಕಂಬ ನೆಡುವ ಅಥವಾ ಕಾಲುವೆ ತೋಡುವ ಮುನ್ನ ಪಾಲಿಸಬೇಕಾದ ಕಾನೂನು ಕ್ರಮಗಳಿವೆ. ಇವುಗಳನ್ನು ತಿಳಿಯದೆ ಕೆಲಸ ಆರಂಭಿಸಿದ ಭೂಮಾಲೀಕರು ಹಣವನ್ನೂ ಕಳೆದುಕೊಂಡು ಮೊಕದ್ದಮೆಯನ್ನೂ ಎದುರಿಸಬೇಕಾಗಬಹುದು. ಆದುದರಿಂದ ಸಾರ್ವಜನಿಕರ ಅವಗಾಹನೆಗಾಗಿ, ಬಂದಳಿಕೆಯನ್ನು ಉದಾಹರಣೆಯಾಗಿಟ್ಟುಕೊಂಡು, ಈ ವಿಷಯವನ್ನು ಕೆಳಕಂಡಂತೆ ವಿವರಿಸಲಾಗಿದೆ.

1. ಬಂದಳಿಕೆಯ ಮಹತ್ವ

ಶಾಸನಗಳಲ್ಲಿ ಬಂದನಿಕೆ ಎಂದು ಉಲ್ಲೇಖಗೊಂಡಿರುವ ಬಂದಳಿಕೆಯು ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿದ ನಾಗರಖಂಡ-70ರ ಮುಖ್ಯ ಪಟ್ಟಣವಾಗಿತ್ತು. ಇಲ್ಲಿ ರಾಷ್ಟ್ರಕೂಟರ ಕಾಲದಿಂದ ಆರಂಭಿಸಿ ಕಲ್ಯಾಣ ಚಾಲುಕ್ಯರ ಕಾಲ ಮತ್ತು ನಂತರದ ಶಾಸನಗಳು ದೊರೆತಿವೆ. ರಾಷ್ಟ್ರಕೂಟ ದೊರೆ ಎರಡನೆಯ ಕೃಷ್ಣನ ಆಳ್ವಿಕೆಗೆ ಸೇರಿದ, 10ನೇ ಶತಮಾನದ ಆರಂಭದ ಶಾಸನವೊಂದು ಜಕ್ಕಿಯಬ್ಬೆ ಎಂಬ ಮಹಿಳೆಯ ವೃತ್ತಾಂತವನ್ನು ತಿಳಿಸುತ್ತದೆ. ಪತಿಯ ಮರಣಾನಂತರ ಆಕೆಯು ನಾಗರಖಂಡ-70ರ ಆಡಳಿತವನ್ನು ವಹಿಸಿಕೊಂಡು ದಕ್ಷತೆಯಿಂದ ನಿರ್ವಹಿಸಿ, ಅಂತ್ಯಕಾಲದಲ್ಲಿ ಆ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದನಿಕೆಯಲ್ಲಿಯೇ ಸಲ್ಲೇಖನ ವ್ರತ ಕೈಗೊಂಡಳು. ಕನ್ನಡ ನಾಡಿನಲ್ಲಿ ಮಹಿಳೆಯೊಬ್ಬಳು ಆಡಳಿತ ನಡೆಸಿದ ಈ ಸಂಗತಿಯು ಇಂದು ತಿಳಿದಿರುವುದು ಒಂದು ಕಲ್ಲು ಉಳಿದುಕೊಂಡು ಬಂದ ಕಾರಣದಿಂದ.

ಇಲ್ಲಿನ ಶಾಂತಿನಾಥ ಬಸದಿ, ಸೋಮೇಶ್ವರ ದೇವಾಲಯ ಹಾಗೂ ತ್ರಿಮೂರ್ತಿ ನಾರಾಯಣ ದೇವಾಲಯಗಳು ನಾಡಿನ ವಾಸ್ತುಶಿಲ್ಪದ ಅಧ್ಯಯನದಲ್ಲಿ ಪ್ರಮುಖ ಸ್ಥಾನ ಪಡೆದಿವೆ. ಬಂದಳಿಕೆಯ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಗೆ ಒಳಪಟ್ಟಿವೆ. ಸಮೀಪದ ಬಳ್ಳಿಗಾವಿ, ತಾಳಗುಂದ ಹಾಗೂ ಸೊರಬ ತಾಲ್ಲೂಕಿನ ಕುಬಟೂರು ಮುಂತಾದ ಗ್ರಾಮಗಳಲ್ಲಿಯೂ ಪುರಾತನ ದೇವಾಲಯಗಳಿವೆ.

ಇಂತಹ ಸ್ಥಳಗಳಿಗೆ ಎರಡು ಬಗೆಯ ಅಪಾಯವಿರುತ್ತದೆ. ಮೊದಲನೆಯದು, ನಿಧಿಯ ಆಸೆಯಿಂದ ರಾತ್ರಿ ವೇಳೆ ಗರ್ಭಗುಡಿಯ ನೆಲವನ್ನು, ಶಾಸನದ ಬುಡವನ್ನು ಅಗೆಯುವವರಿಂದ ಒದಗುವ ಅಪಾಯ. ಎರಡನೆಯದು, ಯಾವ ದುರುದ್ದೇಶವೂ ಇಲ್ಲದೆ ಬೇಲಿ ಕಂಬ, ಕೊಳವೆ ಮಾರ್ಗ ಅಥವಾ ಕೇಬಲ್‌ಗಾಗಿ ನೆಲ ಅಗೆಯುವವರಿಂದ ಒದಗುವ ಅಪಾಯ. ಬೇಲಿಗೆ ಸೆನ್ಸರ್ ಕೇಬಲ್ ಜೋಡಿಸುವುದು ಮೊದಲನೆಯದನ್ನು ತಡೆಯಲು ನೆರವಾಗಬಲ್ಲದು. ಆದರೆ ತಪ್ಪಾಗಿ ಅಳವಡಿಸಿದಲ್ಲಿ ಅದೇ ಎರಡನೆಯದಕ್ಕೆ ಕಾರಣವಾಗುತ್ತದೆ.

2. ಸೆನ್ಸರ್ ಕೇಬಲ್ ಎಂದರೇನು?

ಸೆನ್ಸರ್ ಕೇಬಲ್ ಎಂದರೆ ಬೇಲಿಯುದ್ದಕ್ಕೂ ಕಟ್ಟಲಾಗುವ, ಬೇಲಿಯ ಅಲುಗಾಟವನ್ನು ಗ್ರಹಿಸುವ ತಂತಿ. ಈ ಕೇಬಲ್ ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲ. ಬೇಲಿಯ ಜಾಲರಿ ಅಲುಗಿದಾಗ ಕೇಬಲ್‌ನೊಳಗೆ ಉಂಟಾಗುವ ಅತಿ ಸಣ್ಣ ವಿದ್ಯುತ್ ಬದಲಾವಣೆಯನ್ನು ಅದರ ತುದಿಯಲ್ಲಿರುವ ಪೆಟ್ಟಿಗೆಯೊಳಗಿನ ಉಪಕರಣವು ಅಳೆಯುತ್ತದೆ. ಅಲುಗಾಟವು ನಿಗದಿಪಡಿಸಿದ ಮಿತಿಯನ್ನು ದಾಟಿದಾಗ ಗಂಟೆ ಬಾರಿಸುವುದು, ದೀಪ ಹೊತ್ತಿಸುವುದು ಅಥವಾ ಮೊಬೈಲ್ ದೂರವಾಣಿಗೆ ಸಂದೇಶ ಕಳುಹಿಸುವುದು ಇತ್ಯಾದಿ ಕ್ರಿಯೆಗಳು ನಡೆಯುತ್ತವೆ.

ಇದರಲ್ಲಿ ಸಾಮಾನ್ಯವಾಗಿ ಮೂರು ಬಗೆಗಳಿವೆ.

(ಅ) ಬೇಲಿಯ ಮೇಲೆ ಕಟ್ಟುವ ತಾಮ್ರದ ಕೇಬಲ್: ಟಿ.ವಿ. ಕೇಬಲ್‌ನಂತೆ ಕಾಣುವ ಇದು ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಸಣ್ಣ ಆವರಣಗಳಿಗೆ ಇದು ಸೂಕ್ತ.

(ಆ) ಆಪ್ಟಿಕಲ್ ಫೈಬರ್ ಕೇಬಲ್: ಇದರಲ್ಲಿ ವಿದ್ಯುತ್ತಿನ ಬದಲು ಬೆಳಕು ಹರಿಯುತ್ತದೆ, ಕೇಬಲ್ ಅಲುಗಿದಾಗ ಬೆಳಕಿನ ಗುಣದಲ್ಲಿ ವ್ಯತ್ಯಾಸವಾಗುತ್ತದೆ. ಕೇಬಲ್‌ನಲ್ಲಿ ಲೋಹದ ಭಾಗವಿಲ್ಲದಿದ್ದಲ್ಲಿ ಸಿಡಿಲಿನ ಪ್ರಭಾವ ಅದರ ಮೂಲಕ ಉಪಕರಣಕ್ಕೆ ತಲುಪುವುದಿಲ್ಲ. ಉದ್ದವಾದ ಆವರಣಗಳಿಗೆ ಇದು ಅನುಕೂಲಕರ.

(ಇ) ನೆಲದಲ್ಲಿ ಹೂಳುವ ಕೇಬಲ್: ಅಕ್ಕಪಕ್ಕದಲ್ಲಿ ಹೂತ ಎರಡು ಕೇಬಲ್‌ಗಳ ನಡುವೆ ರೇಡಿಯೋ ಅಲೆಗಳ ಕ್ಷೇತ್ರ ಉಂಟಾಗಿ, ಅದನ್ನು ದಾಟುವ ವ್ಯಕ್ತಿಯನ್ನು ಇದು ಗುರುತಿಸುತ್ತದೆ. ಇದಕ್ಕೆ ಆವರಣದ ಸುತ್ತಲೂ ಕಾಲುವೆ ತೋಡಲೇಬೇಕಾಗುವುದರಿಂದ ಪುರಾತತ್ವ ನಿವೇಶನಗಳ ನೆರೆಯಲ್ಲಿ ಈ ಬಗೆಯನ್ನು ಆಯ್ಕೆ ಮಾಡಿಕೊಳ್ಳದಿರುವುದು ಒಳ್ಳೆಯದು.

ಮಲೆನಾಡಿನ ರೈತರಲ್ಲಿ ಐಬೆಕ್ಸ್ ಬೇಲಿ ಎಂದು ರೂಢಿಯಲ್ಲಿರುವ ಸೋಲಾರ್ ಬೇಲಿಯೇ ಬೇರೆ, ಸೆನ್ಸರ್ ಕೇಬಲ್ ಬೇರೆ. ಸೋಲಾರ್ ಬೇಲಿಯು ಬ್ಯಾಟರಿ ಹಾಗೂ ಎನರ್ಜೈಸರ್ ಮೂಲಕ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಶಾಕ್ ನೀಡಿ ಕಾಡುಹಂದಿ ಮುಂತಾದ ಪ್ರಾಣಿಗಳನ್ನು ಹಿಮ್ಮೆಟ್ಟಿಸುತ್ತದೆ. ಸೆನ್ಸರ್ ಕೇಬಲ್ ಯಾರನ್ನೂ ಹಿಮ್ಮೆಟ್ಟಿಸುವುದಿಲ್ಲ; ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಸುದ್ದಿ ಮುಟ್ಟಿದಾಗ ಎದ್ದು ಬರುವವರು ಇಲ್ಲದಿದ್ದಲ್ಲಿ ಈ ವ್ಯವಸ್ಥೆಗೆ ಮಾಡಿದ ವೆಚ್ಚ ವ್ಯರ್ಥವೆಂದು ತಿಳಿಯತಕ್ಕದ್ದು.

3. ಅಂತರಕ್ಕೆ ಸಂಬಂಧಿಸಿದ ನಿಯಮಗಳು

ಪುರಾತನ ಸ್ಮಾರಕಗಳು ಮತ್ತು ಪುರಾತತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, 1958ಕ್ಕೆ 2010ರಲ್ಲಿ ತಿದ್ದುಪಡಿ ಮಾಡಲಾಗಿದ್ದು, ಅದರಂತೆ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತಲಿನ ಭೂಮಿಯನ್ನು ಎರಡು ವಲಯಗಳನ್ನಾಗಿ ವಿಂಗಡಿಸಲಾಗಿದೆ.

(ಅ) ನಿಷೇಧಿತ ಪ್ರದೇಶ: ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕುಗಳಲ್ಲಿ ಕನಿಷ್ಠ 100 ಮೀಟರ್‌ವರೆಗೆ. ಇಲ್ಲಿ ಖಾಸಗಿಯವರು ಹೊಸ ನಿರ್ಮಾಣ ಕೈಗೊಳ್ಳುವಂತಿಲ್ಲ. 1992ರ ಜೂನ್ 16ಕ್ಕೆ ಮುಂಚಿನಿಂದ ಇದ್ದ ಅಥವಾ ನಂತರ ವಿಧ್ಯುಕ್ತ ಅನುಮತಿ ಪಡೆದು ಕಟ್ಟಿದ ಕಟ್ಟಡಗಳ ದುರಸ್ತಿ ಹಾಗೂ ನವೀಕರಣಕ್ಕೆ ಮಾತ್ರ ಅರ್ಜಿ ಸಲ್ಲಿಸಬಹುದು.

(ಆ) ನಿಯಂತ್ರಿತ ಪ್ರದೇಶ: ನಿಷೇಧಿತ ಪ್ರದೇಶದ ಅಂಚಿನಿಂದ ಮುಂದಕ್ಕೆ ಕನಿಷ್ಠ 200 ಮೀಟರ್‌ವರೆಗೆ. ಇಲ್ಲಿ ನಿರ್ಮಾಣ, ಪುನರ್ ನಿರ್ಮಾಣ, ದುರಸ್ತಿ ಅಥವಾ ನವೀಕರಣಕ್ಕೆ ಪೂರ್ವಾನುಮತಿ ಕಡ್ಡಾಯ.

ಅರ್ಜಿದಾರರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು ಗ್ರಹಿಕೆಯೆಂದರೆ ಅಂತರವನ್ನು ದೇವಾಲಯದ ಗೋಡೆಯಿಂದ ಅಳೆಯುವುದು. ಅಂತರವನ್ನು ಅಳೆಯತಕ್ಕದ್ದು ಸಂರಕ್ಷಿತ ಪ್ರದೇಶದ ಗಡಿಯಿಂದ. ದೇವಾಲಯದ ಸುತ್ತಲಿನ ಬಯಲೂ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದಲ್ಲಿ, ಗೋಡೆಯಿಂದ 130 ಮೀಟರ್ ದೂರವಿರುವ ಬದುವು ನಿಷೇಧಿತ ಪ್ರದೇಶದೊಳಗೇ ಬರಬಹುದು.

ಒಂದೇ ಜಮೀನು ಎರಡು ವಲಯಗಳಲ್ಲಿ ಹಂಚಿಹೋಗುವ ಸಂದರ್ಭಗಳೂ ಉಂಟು. ಉದಾಹರಣೆಗೆ, ಚೌಕಾಕಾರದ ಒಂದು ಎಕರೆ ಜಮೀನಿನ ಪ್ರತಿ ಬದಿಯ ಉದ್ದ ಸುಮಾರು 64 ಮೀಟರ್. ಅದರ ಹತ್ತಿರದ ಬದು ಸಂರಕ್ಷಿತ ಗಡಿಯಿಂದ 80 ಮೀಟರ್ ದೂರದಲ್ಲಿದ್ದಲ್ಲಿ ದೂರದ ಬದುವು 144 ಮೀಟರ್ ದೂರದಲ್ಲಿರುತ್ತದೆ. ಅಂದರೆ ಜಮೀನಿನ ಮೊದಲ 20 ಮೀಟರ್ ನಿಷೇಧಿತ ಪ್ರದೇಶದಲ್ಲಿಯೂ ಉಳಿದ 44 ಮೀಟರ್ ನಿಯಂತ್ರಿತ ಪ್ರದೇಶದಲ್ಲಿಯೂ ಬರುತ್ತದೆ. ಇಂತಹ ಜಮೀನಿಗೆ ನಾಲ್ಕೂ ಬದಿಗೆ ಒಂದೇ ಬಗೆಯ ಬೇಲಿಯನ್ನು ಯೋಜಿಸಿ ಸಾಮಗ್ರಿ ಖರೀದಿಸಿದವರು ತೊಂದರೆಗೆ ಸಿಲುಕುತ್ತಾರೆ.

ತಾವು ಹಾಕಿಸುವ ತಂತಿ ಬೇಲಿಯು ಅಧಿನಿಯಮದಲ್ಲಿ ಹೇಳಿರುವ ನಿರ್ಮಾಣದ ವ್ಯಾಖ್ಯೆಗೆ ಬರುವುದಿಲ್ಲವೆಂದು ಭೂಮಾಲೀಕರಾಗಲೀ ಗುತ್ತಿಗೆದಾರರಾಗಲೀ ತಾವೇ ತೀರ್ಮಾನಿಸಿಕೊಳ್ಳಬಾರದು. ಕಾಂಕ್ರೀಟ್ ಬುನಾದಿ, ಕಬ್ಬಿಣದ ಕಂಬ, ಕೇಬಲ್ ಕಾಲುವೆ, ಕಾವಲು ಕೊಠಡಿ ಇವುಗಳಲ್ಲಿ ಯಾವುದು ಇದ್ದರೂ ಮುಂಚಿತವಾಗಿ ಲಿಖಿತ ಅಭಿಪ್ರಾಯ ಪಡೆಯತಕ್ಕದ್ದು. ಅನುಮತಿಯಿಲ್ಲದೆ ನಿಷೇಧಿತ ಅಥವಾ ನಿಯಂತ್ರಿತ ಪ್ರದೇಶದಲ್ಲಿ ನಿರ್ಮಾಣ ಕೈಗೊಂಡಲ್ಲಿ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಲು ಅವಕಾಶವಿದೆ.

ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳು ಹಾಗೂ ಪುರಾತತ್ವ ನಿವೇಶನಗಳು ಮತ್ತು ಅವಶೇಷಗಳ ಅಧಿನಿಯಮ, 1961 ಅನ್ವಯಿಸುತ್ತದೆ. ಆದ ಕಾರಣ ತಮ್ಮ ಜಮೀನಿನ ಬಳಿಯ ಸ್ಮಾರಕವು ಕೇಂದ್ರದ ಪಟ್ಟಿಯಲ್ಲಿದೆಯೇ ಅಥವಾ ರಾಜ್ಯದ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

4. ಅರ್ಜಿ ಸಲ್ಲಿಸುವ ಕ್ರಮ

ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಸಂಬಂಧಿಸಿದಂತೆ ರಾಜ್ಯದಲ್ಲಿ ಸಕ್ಷಮ ಪ್ರಾಧಿಕಾರಿಯು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರು, ಮೈಸೂರು. ಅರ್ಜಿಯು ಮೂರು ಹಂತಗಳಲ್ಲಿ ಪರಿಶೀಲನೆಗೊಳ್ಳುತ್ತದೆ. ಸಕ್ಷಮ ಪ್ರಾಧಿಕಾರಿಯು ಅರ್ಜಿ ಸ್ವೀಕರಿಸಿದ 15 ದಿನಗಳೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಪ್ರಾಧಿಕಾರವು 2 ತಿಂಗಳೊಳಗೆ ತನ್ನ ಶಿಫಾರಸನ್ನು ತಿಳಿಸತಕ್ಕದ್ದು. ಶಿಫಾರಸು ಬಂದ 1 ತಿಂಗಳೊಳಗೆ ಸಕ್ಷಮ ಪ್ರಾಧಿಕಾರಿಯು ಅನುಮತಿ ನೀಡುವುದು ಅಥವಾ ನಿರಾಕರಿಸುವುದು. ನಿರಾಕರಿಸುವ ಮುನ್ನ ಅರ್ಜಿದಾರರ ಅಹವಾಲು ಕೇಳಬೇಕಾಗಿದ್ದು, ಆದೇಶವು ಲಿಖಿತ ರೂಪದಲ್ಲಿರತಕ್ಕದ್ದು.

ಮೇಲ್ಕಂಡ ಅವಧಿಗಳನ್ನು ಕೂಡಿದಲ್ಲಿ ಸುಮಾರು ಮೂರೂವರೆ ತಿಂಗಳಾಗುತ್ತದೆ. ಮುಂಗಾರಿಗೆ ಮುನ್ನ ಬೇಲಿ ಕೆಲಸ ಮುಗಿಸಬೇಕೆನ್ನುವವರು ಜನವರಿ ಅಂತ್ಯದೊಳಗೆ ಪೂರ್ಣ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿದಲ್ಲಿ ಮೇ ಮಧ್ಯಭಾಗಕ್ಕೆ ತೀರ್ಮಾನ ದೊರೆಯುವ ನಿರೀಕ್ಷೆಯಿಡಬಹುದು. ಏಪ್ರಿಲ್‌ನಲ್ಲಿ ಅರ್ಜಿ ಹಾಕಿ ಮೇ ತಿಂಗಳಲ್ಲಿ ಕಂಬ ನೆಡುವ ಲೆಕ್ಕ ಹಾಕಬಾರದು. ಅನುಮತಿ ಕೈಸೇರುವ ಮೊದಲು ಗುತ್ತಿಗೆದಾರರಿಗೆ ಮುಂಗಡ ಹಣ ಪಾವತಿಸದಿರುವುದು ಅರ್ಜಿದಾರರ ಹಿತದೃಷ್ಟಿಯಿಂದ ಸೂಕ್ತ.

ಅರ್ಜಿಗೆ ಮುನ್ನ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದೆನಿಸುವ ದಾಖಲೆಗಳು:

(1) ಚಾಲ್ತಿ ಸಾಲಿನ ಪಹಣಿ ಹಾಗೂ ಒಡೆತನವನ್ನು ದೃಢಪಡಿಸುವ ಇತರ ದಾಖಲೆ.
(2) ಸರ್ವೆ ನಕ್ಷೆ. ಗಡಿಯ ಬಗ್ಗೆ ನೆರೆಯವರೊಂದಿಗೆ ತಕರಾರಿದ್ದಲ್ಲಿ ಮೊದಲು ಹದ್ದುಬಸ್ತು ಮಾಡಿಸಿಕೊಳ್ಳುವುದು.
(3) ಬೇಲಿ ಹಾದುಹೋಗುವ ಮಾರ್ಗ, ಕಂಬಗಳ ಸ್ಥಾನ, ಗೇಟು ಹಾಗೂ ಉಪಕರಣ ಪೆಟ್ಟಿಗೆಯ ಸ್ಥಾನವನ್ನು ತೋರಿಸುವ ಅಳತೆ ಸಹಿತ ನಕ್ಷೆ.
(4) ಕಂಬದ ಗುಂಡಿಯ ಆಳ ಹಾಗೂ ಅಗಲ, ಬೇಲಿಯ ಎತ್ತರ ಮತ್ತು ಬಳಸುವ ಸಾಮಗ್ರಿಗಳ ವಿವರ.
(5) ಜಮೀನಿನಿಂದ ಸ್ಮಾರಕವು ಕಾಣುವಂತೆ ಹಾಗೂ ಸ್ಮಾರಕದ ಕಡೆಯಿಂದ ಜಮೀನು ಕಾಣುವಂತೆ ತೆಗೆದ ಛಾಯಾಚಿತ್ರಗಳು.

ಅರ್ಜಿಯ ನಿಗದಿತ ನಮೂನೆ ಹಾಗೂ ಸಲ್ಲಿಸಬೇಕಾದ ಲಗತ್ತುಗಳನ್ನು ಸಕ್ಷಮ ಪ್ರಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಅರ್ಜಿಗೆ ಸ್ವೀಕೃತಿ ಪಡೆದು ಜೋಪಾನವಾಗಿಡುವುದು. ಅರ್ಜಿಯ ಸ್ಥಿತಿಗತಿ ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಕೋರಿಕೆ ಸಲ್ಲಿಸಬಹುದಾಗಿದೆ.

ಬೇಲಿ ಹಾಕಲು ದೊರೆತ ಅನುಮತಿಯು ಭೂಮಿಯ ಮೇಲೆ ಹಕ್ಕನ್ನು ನೀಡುವುದಿಲ್ಲ. ಗೋಮಾಳ, ಅರಣ್ಯ ಅಥವಾ ಬಗರ್‌ಹುಕುಂ ಸಾಗುವಳಿಯಲ್ಲಿರುವ ಸರ್ಕಾರಿ ಭೂಮಿಗೆ ಬೇಲಿ ಹಾಕಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ರೂಢಿಯಿಂದ ಬಂದ ಕಾಲುದಾರಿ, ಬಂಡಿದಾರಿ ಹಾಗೂ ದೇವಸ್ಥಾನಕ್ಕೆ ಹೋಗುವ ದಾರಿಗಳನ್ನು ಬೇಲಿಯಿಂದ ಮುಚ್ಚುವಂತಿಲ್ಲ.

5. ಅಳವಡಿಕೆಯ ಹಂತಗಳು

ಅನುಮತಿ ದೊರೆತ ನಂತರ ಕೆಲಸವನ್ನು ಕೆಳಕಂಡ ಕ್ರಮದಲ್ಲಿ ನಿರ್ವಹಿಸುವುದು.

(ಅ) ಬೇಲಿಯ ಪರಿಶೀಲನೆ: ಸೆನ್ಸರ್ ಕೇಬಲ್‌ನ ಯಶಸ್ಸು ಬೇಲಿಯ ಗಟ್ಟಿತನವನ್ನು ಅವಲಂಬಿಸಿದೆ. ಸಡಿಲವಾದ ಚೈನ್‌ಲಿಂಕ್ ಜಾಲರಿ, ಅಲ್ಲಾಡುವ ಕಂಬ, ಗಾಳಿಗೆ ಬಡಿಯುವ ತಗಡಿನ ಫಲಕ, ಬೇಲಿಗೆ ಹಬ್ಬಿದ ಬಳ್ಳಿ ಇವೆಲ್ಲವೂ ಸುಳ್ಳು ಎಚ್ಚರಿಕೆಗೆ ಕಾರಣವಾಗುತ್ತವೆ. ಇವುಗಳನ್ನು ಮೊದಲು ಸರಿಪಡಿಸತಕ್ಕದ್ದು. ಕೇವಲ ಮುಳ್ಳುತಂತಿಯ ನಾಲ್ಕೈದು ಎಳೆಗಳಿರುವ ಬೇಲಿಗೆ ಈ ಕೇಬಲ್ ಅಷ್ಟಾಗಿ ಒಗ್ಗುವುದಿಲ್ಲ. ಬಿಗಿಯಾದ ಜಾಲರಿ ಬೇಲಿ ಸೂಕ್ತ.

(ಆ) ಭಾಗಗಳ ವಿಂಗಡಣೆ: ಎಚ್ಚರಿಕೆ ಬಂದಾಗ ಯಾವ ಬದಿಯಿಂದ ಬಂದಿದೆ ಎಂಬುದು ತಿಳಿಯಬೇಕು. ಆದ್ದರಿಂದ ಬೇಲಿಯನ್ನು ಭಾಗಗಳನ್ನಾಗಿ ವಿಂಗಡಿಸಲಾಗುತ್ತದೆ. ಪ್ರತಿ ಭಾಗವು 100 ಮೀಟರ್‌ಗಿಂತ ಉದ್ದವಿಲ್ಲದಿದ್ದಲ್ಲಿ ಕತ್ತಲೆಯಲ್ಲಿ ಸ್ಥಳ ಹುಡುಕುವುದು ಸುಲಭ. ಮೇಲೆ ಹೇಳಿದ ಒಂದು ಎಕರೆ ಜಮೀನಿಗೆ ಬದಿಗೊಂದರಂತೆ 4 ಭಾಗಗಳು ಸಾಕು.

(ಇ) ಸಾಮಗ್ರಿಯ ಅಂದಾಜು: ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಮೂಲೆಯ ಸುತ್ತುಗಳು, ಗೇಟು ಹಾಗೂ ಮುಂದಿನ ದುರಸ್ತಿಗೆಂದು ಶೇಕಡಾ 20ರಷ್ಟು ಹೆಚ್ಚುವರಿ ಸೇರಿಸಿದಲ್ಲಿ ಸುಮಾರು 305 ಮೀಟರ್ ಕೇಬಲ್ ಬೇಕಾಗುತ್ತದೆ. 30 ಸೆಂಟಿಮೀಟರ್‌ಗೊಂದು ಕಟ್ಟಿನಂತೆ 850 ಕಟ್ಟುಗಳು ಬೇಕಾಗುತ್ತವೆ. ಗುತ್ತಿಗೆದಾರರು ನೀಡುವ ದರಪಟ್ಟಿಯನ್ನು ಈ ಲೆಕ್ಕದೊಂದಿಗೆ ಹೋಲಿಸಿ ನೋಡಬಹುದು.

(ಈ) ಕೇಬಲ್ ಕಟ್ಟುವುದು: ಸಾಧಾರಣ ಎತ್ತರದ ಬೇಲಿಗೆ ಅದರ ನಡುಮಟ್ಟದಲ್ಲಿ ಒಂದು ಸಾಲು ಕೇಬಲ್ ಹಾಯಿಸಲಾಗುತ್ತದೆ, ಎತ್ತರ ಹೆಚ್ಚಿದ್ದಲ್ಲಿ ಎರಡು ಸಾಲು. ಬಿಸಿಲಿಗೆ ಬಿರಿಯದ ಗುಣಮಟ್ಟದ ಕಟ್ಟುಗಳನ್ನೇ ಬಳಸುವುದು. ಸಾಮಾನ್ಯ ಪ್ಲಾಸ್ಟಿಕ್ ಕಟ್ಟುಗಳು ಬೇಸಿಗೆಯ ಬಿಸಿಲಿಗೆ ಪುಡಿಯಾಗಿ, ಕೇಬಲ್ ಜೋತುಬಿದ್ದು, ಗಾಳಿ ಬೀಸಿದಾಗಲೆಲ್ಲ ಗಂಟೆ ಬಾರಿಸುತ್ತದೆ. ಕೇಬಲ್ ಜಾಲರಿಗೆ ತಾಗಿಕೊಂಡಿರಬೇಕು, ಆದರೆ ಅಮುಕಿ ಹೋಗುವಷ್ಟು ಬಿಗಿಯಬಾರದು. ಮೂಲೆಗಳಲ್ಲಿ ಥಟ್ಟನೆ ಮಡಿಸದೆ ದುಂಡಾಗಿ ತಿರುಗಿಸುವುದು. ದಪ್ಪ ಕಂಬಗಳ ಬಳಿ ಬೇಲಿ ಕಡಿಮೆ ಅಲುಗುವುದರಿಂದ ಅಲ್ಲಿ ಕೇಬಲ್‌ನ ಒಂದು ಸುತ್ತು ಹೆಚ್ಚಾಗಿ ಬಿಡುವುದು ರೂಢಿ. ಕಳ್ಳರು ಹತ್ತಲು ಆರಿಸಿಕೊಳ್ಳುವುದೂ ಇಂತಹ ಕಂಬಗಳನ್ನೇ.

(ಉ) ಗೇಟಿನ ಬಳಿ: ಗೇಟನ್ನು ಪ್ರತ್ಯೇಕ ಭಾಗವನ್ನಾಗಿ ಇಡುವುದು ಅನುಕೂಲ. ಸಾಮಾನ್ಯವಾಗಿ ಕೇಬಲನ್ನು ಗೇಟಿನ ಕೆಳಗೆ ನೆಲದಲ್ಲಿ ಕೊಳವೆಯೊಳಗೆ ದಾಟಿಸುತ್ತಾರೆ. ಬಂದಳಿಕೆಯಂತಹ ಸ್ಥಳದಲ್ಲಿ ಗೇಟನ್ನೇ ಸಾಲಿನ ಆರಂಭ ಹಾಗೂ ಅಂತ್ಯದ ಬಿಂದುವನ್ನಾಗಿಸಿದಲ್ಲಿ ನೆಲ ಅಗೆಯುವ ಅಗತ್ಯವೇ ಬರುವುದಿಲ್ಲ.

(ಊ) ತುದಿಯ ಜೋಡಣೆ: ಕೇಬಲ್‌ನ ಕೊನೆಯಲ್ಲಿ ಒಂದು ಪುಟ್ಟ ನಿರೋಧಕವನ್ನು ಅಳವಡಿಸಲಾಗುತ್ತದೆ. ಯಾರಾದರೂ ಕೇಬಲನ್ನೇ ಕತ್ತರಿಸಿದಲ್ಲಿ ಈ ನಿರೋಧಕದ ಸಂಪರ್ಕ ತಪ್ಪಿ ಉಪಕರಣವು ಎಚ್ಚರಿಕೆ ನೀಡುತ್ತದೆ. ಎಲ್ಲ ಜೋಡಣೆಗಳೂ ನೀರು ಸೇರದ ಪೆಟ್ಟಿಗೆಯೊಳಗಿರಬೇಕು. ಮಲೆನಾಡಿನ ಅಂಚಿನ ಮಳೆಯಲ್ಲಿ ಟೇಪು ಸುತ್ತಿದ ಜೋಡಣೆಗಳು ಬಾಳುವುದಿಲ್ಲ. ಪಂಪ್‌ಸೆಟ್‌ನ ವಿದ್ಯುತ್ ತಂತಿಗಳೊಂದಿಗೆ ಸೆನ್ಸರ್ ಕೇಬಲನ್ನು ಒಂದೇ ಕೊಳವೆಯಲ್ಲಿ ಹಾಯಿಸಬಾರದು. ಉಪಕರಣಕ್ಕೆ ಅರ್ಥಿಂಗ್ ಹಾಗೂ ಸಿಡಿಲು ರಕ್ಷಕ ಕಡ್ಡಾಯವೆಂದು ಭಾವಿಸುವುದು.

(ಋ) ಪರೀಕ್ಷೆ: ಕೆಲಸ ಮುಗಿದ ದಿನವೇ ಹಣ ಪೂರ್ತಿ ಪಾವತಿಸಬಾರದು. ಪ್ರತಿ ಭಾಗದಲ್ಲಿಯೂ ಬೇಲಿಯನ್ನು ಹತ್ತುವ, ಕೆಳಗಿನಿಂದ ಎತ್ತುವ ಹಾಗೂ ಸ್ಕ್ರೂಡ್ರೈವರ್‌ನಿಂದ ತಟ್ಟುವ ಪ್ರಯೋಗಗಳನ್ನು ಭೂಮಾಲೀಕರ ಸಮಕ್ಷಮ ನಡೆಸಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡುವುದು. ಗಾಳಿ ಮಳೆಯ ದಿನವೊಂದು ಕಳೆದ ನಂತರ ಮತ್ತೊಮ್ಮೆ ಮಿತಿಗಳನ್ನು ಹೊಂದಿಸಿಕೊಡುವಂತೆ ಒಪ್ಪಂದದಲ್ಲಿಯೇ ಷರತ್ತು ಸೇರಿಸುವುದು.

6. ಸುಳ್ಳು ಎಚ್ಚರಿಕೆಗಳು

ಮಂಗಗಳು ಬೇಲಿಯ ಮೇಲೆ ನಡೆಯುವುದು, ದನಗಳು ಮೈ ಉಜ್ಜುವುದು, ಮರದ ಕೊಂಬೆ ತಾಗುವುದು ಹಾಗೂ ಬಿರುಗಾಳಿ ಇವು ಸಾಮಾನ್ಯ ಕಾರಣಗಳು. ಅಳಿಲು ಮತ್ತು ಹೆಗ್ಗಣಗಳು ಕೇಬಲನ್ನು ಕಡಿಯುವುದೂ ಉಂಟು. ರಾತ್ರಿಗೆ ಹತ್ತು ಬಾರಿ ಸುಳ್ಳು ಗಂಟೆ ಬಾರಿಸುವ ವ್ಯವಸ್ಥೆಯನ್ನು ಮನೆಯವರು ಮೂರನೆಯ ದಿನ ಬಂದ್ ಮಾಡುತ್ತಾರೆ. ಕಳ್ಳತನವಾಗುವುದು ನಾಲ್ಕನೆಯ ದಿನ. ಆದ್ದರಿಂದ ಬೇಲಿಯ ಎರಡೂ ಬದಿಗೆ ಒಂದು ಮೀಟರ್ ಅಗಲ ಗಿಡಗಂಟಿ ತೆಗೆಸುವುದು ಹಾಗೂ ಒಂದೇ ತಟ್ಟಿಗೆ ಎಚ್ಚರಿಕೆ ನೀಡದೆ, ಅಲ್ಪ ಅವಧಿಯಲ್ಲಿ ಹಲವು ಬಾರಿ ಅಲುಗಿದಾಗ ಮಾತ್ರ ಎಚ್ಚರಿಕೆ ನೀಡುವಂತೆ ಉಪಕರಣವನ್ನು ಹೊಂದಿಸುವುದು ಅವಶ್ಯ. ಮೂರು ತಿಂಗಳಿಗೊಮ್ಮೆ ಹಾಗೂ ಮುಂಗಾರಿಗೆ ಮುನ್ನ ಮತ್ತು ನಂತರ ಕಟ್ಟುಗಳು, ಜೋಡಣೆಗಳು ಹಾಗೂ ಬ್ಯಾಟರಿಯನ್ನು ಪರಿಶೀಲಿಸತಕ್ಕದ್ದು.

7. ವಿದ್ಯುತ್ ಹರಿಸಿದ ಬೇಲಿ: ಪ್ರಾಣಾಪಾಯ

ಯಾವುದೇ ಸಂದರ್ಭದಲ್ಲಿ ಬೇಲಿಗೆ ವಿದ್ಯುತ್ ಮಾರ್ಗದಿಂದ ನೇರ ಸಂಪರ್ಕ ನೀಡಕೂಡದು. 230 ವೋಲ್ಟ್ ವಿದ್ಯುತ್ ಹರಿಯುವ ತಂತಿಯನ್ನು ಹಿಡಿದ ವ್ಯಕ್ತಿಯು ಕೈ ಬಿಡಿಸಿಕೊಳ್ಳಲಾರನು. ಸೋಲಾರ್ ಬೇಲಿಯ ಮಿಡಿತವು ಕ್ಷಣಕಾಲ ಬಂದು ನಿಲ್ಲುವುದರಿಂದ ಮುಟ್ಟಿದವರು ಹಿಂದೆ ಸರಿಯಲು ಅವಕಾಶ ದೊರೆಯುತ್ತದೆ; ನೇರ ವಿದ್ಯುತ್ತಿನಲ್ಲಿ ಆ ಅವಕಾಶವಿಲ್ಲ. ಹಂದಿಗೆಂದು ಹರಿಸಿದ ವಿದ್ಯುತ್ತಿಗೆ ಬೆಳಗಿನ ಜಾವ ನೀರು ಕಟ್ಟಲು ಹೋದ ಮನೆಯವರೇ ಬಲಿಯಾದ ಪ್ರಕರಣಗಳು ರಾಜ್ಯದಲ್ಲಿ ವರದಿಯಾಗಿವೆ.

ಅನಧಿಕೃತವಾಗಿ ವಿದ್ಯುತ್ ಪಡೆಯುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ ಕಲಂ 135ರಂತೆ ಅಪರಾಧ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಂತೆ 5 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. ವನ್ಯಪ್ರಾಣಿ ಸತ್ತಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅಡಿಯಲ್ಲಿಯೂ ಕ್ರಮ ಜರುಗಿಸಲಾಗುತ್ತದೆ. ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಸರಬರಾಜು ಮಾಡುವ ಮೆಸ್ಕಾಂಗೆ 1912, ಅರಣ್ಯ ಇಲಾಖೆಗೆ 1926 ಹಾಗೂ ಪೊಲೀಸ್ ತುರ್ತು ಸೇವೆಗೆ 112 ಸಂಖ್ಯೆಗಳಿಗೆ ಕರೆ ಮಾಡಿ ಅಪಾಯಕಾರಿ ಬೇಲಿಗಳ ಬಗ್ಗೆ ತಿಳಿಸಬಹುದು.

8. ನೆಲದಲ್ಲಿ ಪುರಾವಸ್ತು ದೊರೆತಲ್ಲಿ

ಅನುಮತಿ ಪಡೆದ ಕೆಲಸದಲ್ಲಿಯೂ ಗುಂಡಿಗಳನ್ನು ಯಂತ್ರದಿಂದ ತೋಡಿಸದೆ ಕೈಯಿಂದ ತೋಡಿಸುವುದು ಸುರಕ್ಷಿತ. ಕೆತ್ತನೆಯ ಕಲ್ಲು, ಇಟ್ಟಿಗೆಯ ಸಾಲು, ಮಡಕೆಯ ಚೂರುಗಳ ರಾಶಿ, ನಾಣ್ಯ ಅಥವಾ ವಿಗ್ರಹ ಕಂಡುಬಂದಲ್ಲಿ ಕೂಡಲೇ ಕೆಲಸ ನಿಲ್ಲಿಸತಕ್ಕದ್ದು. ವಸ್ತುವನ್ನು ಎತ್ತಬಾರದು, ತೊಳೆಯಬಾರದು, ಅರಿಶಿನ ಕುಂಕುಮ ಹಚ್ಚಬಾರದು. ತಹಶೀಲ್ದಾರ್ ಕಚೇರಿಗೆ ಹಾಗೂ ಪುರಾತತ್ವ ಇಲಾಖೆಯ ಸಿಬ್ಬಂದಿಗೆ ತಿಳಿಸುವುದು. ನಿಧಿ ದೊರೆತಲ್ಲಿ ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962ರಂತೆ ಜಿಲ್ಲಾಧಿಕಾರಿಗಳ ಗಮನಕ್ಕೆ ತರಬೇಕಾಗುತ್ತದೆ. ಪ್ರಾಮಾಣಿಕವಾಗಿ ತಿಳಿಸಿದವರಿಗೆ ಕಾನೂನು ರಕ್ಷಣೆಯಾಗುತ್ತದೆ; ಬಚ್ಚಿಟ್ಟವರಿಗೆ ಅದೇ ಕಾನೂನು ಶಿಕ್ಷೆಯಾಗುತ್ತದೆ.

ಗದ್ದೆಯ ಬದುವಿನಲ್ಲಿರುವ ವೀರಗಲ್ಲು, ಮಾಸ್ತಿಗಲ್ಲು ಹಾಗೂ ಶಾಸನಗಳನ್ನು ಬೇಲಿಯ ಕಂಬವಾಗಿ ಬಳಸುವುದು, ಅವುಗಳಿಗೆ ತಂತಿ ಬಿಗಿಯುವುದು, ರಂಧ್ರ ಕೊರೆಯುವುದು ಅಥವಾ ಸಿಮೆಂಟ್ ಬಳಿಯುವುದು ಸಲ್ಲದು. ಅಂತಹ ಕಲ್ಲು ಬೇಲಿಯ ಸಾಲಿನಲ್ಲಿ ಬಂದಲ್ಲಿ ಕಲ್ಲನ್ನು ಸರಿಸದೆ ಬೇಲಿಯ ಸಾಲನ್ನೇ ಸರಿಸುವುದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಮೀನು ಪೂರ್ತಿಯಾಗಿ ನಿಷೇಧಿತ ಪ್ರದೇಶದಲ್ಲಿದೆ. ಬೆಳೆ ರಕ್ಷಣೆಗೆ ಏನು ಮಾಡುವುದು?
ಉತ್ತರ: ಬೇಸಾಯಕ್ಕೆ ಅಡ್ಡಿಯಿಲ್ಲ. ಕಂಬ, ಬುನಾದಿಗಳಿಲ್ಲದ ಗಿಡಗಳ ಜೀವಂತ ಬೇಲಿಯನ್ನು ಬೆಳೆಸಿಕೊಳ್ಳುವ ಬಗ್ಗೆ ಸ್ಮಾರಕದ ಉಸ್ತುವಾರಿ ಸಿಬ್ಬಂದಿಯೊಂದಿಗೆ ಚರ್ಚಿಸಬಹುದು. ಬೇರೆ ಯಾವುದೇ ಬಗೆಯ ಬೇಲಿಗೆ ಮೊದಲು ಲಿಖಿತ ಅಭಿಪ್ರಾಯ ಪಡೆಯುವುದು.

ಪ್ರಶ್ನೆ: ಈಗಾಗಲೇ ಇರುವ ಹಳೆಯ ಬೇಲಿಗೆ ಕೇಬಲ್ ಕಟ್ಟಲು ಅನುಮತಿ ಬೇಕೇ?
ಉತ್ತರ: ಹಳೆಯ ಬೇಲಿಯೇ ಅನುಮತಿಯಿಲ್ಲದೆ ಹಾಕಿದ್ದಲ್ಲಿ ಕೇಬಲ್ ಕಟ್ಟಿದ ಮಾತ್ರಕ್ಕೆ ಅದು ಸಕ್ರಮವಾಗದು. ನೆಲ ಅಗೆಯದೆ ಕಟ್ಟುವ ಕೇಬಲ್ ಆದರೂ ಯೋಜನೆಯ ವಿವರವನ್ನು ಲಿಖಿತವಾಗಿ ತಿಳಿಸಿ ಉತ್ತರ ಪಡೆದ ನಂತರ ಮುಂದುವರಿಯುವುದು.

ಪ್ರಶ್ನೆ: ಕೇಬಲ್ ಜೊತೆ ಕ್ಯಾಮೆರಾ ಹಾಕಬಹುದೇ?
ಉತ್ತರ: ಎಚ್ಚರಿಕೆ ಬಂದಾಗ ಕಾರಣವೇನೆಂದು ನೋಡಲು ಕ್ಯಾಮೆರಾ ಸಹಕಾರಿ. ನೆರೆಯ ಮನೆಯಂಗಳ, ಸ್ನಾನದ ಮನೆ, ಕೆರೆ ಕಟ್ಟೆಗಳು ಚಿತ್ರಣದಲ್ಲಿ ಬಾರದಂತೆ ಇರಿಸತಕ್ಕದ್ದು. ಕ್ಯಾಮೆರಾ ಕಂಬಕ್ಕೂ ಮೇಲ್ಕಂಡ ಅಂತರದ ನಿಯಮಗಳನ್ನು ಗಮನದಲ್ಲಿಡುವುದು.

ಪ್ರಶ್ನೆ: ಸೋಲಾರ್ ಬೇಲಿಗೆ ಸಹಾಯಧನ ಇದೆಯೇ?
ಉತ್ತರ: ವನ್ಯಪ್ರಾಣಿ ಹಾವಳಿಯಿರುವ ಕಡೆ ಸೋಲಾರ್ ಬೇಲಿಗೆ ಸಂಬಂಧಿಸಿದ ಯೋಜನೆಗಳ ಬಗ್ಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಸಹಾಯಧನ ಮಂಜೂರಾಗಿದ್ದರೂ ಸ್ಮಾರಕ ವಲಯದ ಅನುಮತಿಯನ್ನು ಪ್ರತ್ಯೇಕವಾಗಿಯೇ ಪಡೆಯಬೇಕು.

ಪ್ರಶ್ನೆ: ರಾತ್ರಿ ಸ್ಮಾರಕದ ಬಳಿ ಅಗೆಯುವ ಸದ್ದು ಕೇಳಿಬಂದಲ್ಲಿ ಏನು ಮಾಡಬೇಕು?
ಉತ್ತರ: ಒಬ್ಬರೇ ಸ್ಥಳಕ್ಕೆ ಹೋಗಬಾರದು. 112ಕ್ಕೆ ಕರೆ ಮಾಡಿ, ವಾಹನದ ಸಂಖ್ಯೆ ಕಂಡಲ್ಲಿ ಗುರುತು ಹಾಕಿಕೊಂಡು, ಗ್ರಾಮಸ್ಥರಿಗೂ ಸ್ಮಾರಕದ ಕಾವಲುಗಾರರಿಗೂ ತಿಳಿಸುವುದು.

10. ಕೊನೆಯದಾಗಿ

ಬೇಲಿ, ಕೇಬಲ್ ಹಾಗೂ ಗಂಟೆಗಳು ಕಾವಲಿಗೆ ಸಹಾಯಕ ಸಾಧನಗಳು. ಬಂದಳಿಕೆಯ ಕಲ್ಲುಗಳು ಸಾವಿರ ವರ್ಷ ಉಳಿದು ಬಂದಿರುವುದಕ್ಕೆ ಅವುಗಳ ನೆರೆಯಲ್ಲಿ ಉಳುಮೆ ಮಾಡಿದವರು ಅವುಗಳನ್ನು ಮುಟ್ಟದೆ ಬಿಟ್ಟದ್ದೂ ಒಂದು ಕಾರಣ. ನೆರೆಯ ಭೂಮಾಲೀಕರು ಅರ್ಜಿ ಸಲ್ಲಿಸಿ ಅನುಮತಿ ಪಡೆದು ಕೆಲಸ ಮಾಡಿದಲ್ಲಿ ಅವರ ಬೆಳೆಯೂ ಉಳಿಯುತ್ತದೆ, ನೆಲದಡಿಯ ಚರಿತ್ರೆಯೂ ಉಳಿಯುತ್ತದೆ. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ ಸಹಕರಿಸಬೇಕಾಗಿ ಕೋರಲಾಗಿದೆ.